ಹಸಿವಿನ ಬೀಗ ಹಳೆಯದು, ಕೀಲಿ ಮಾತ್ರ ಹೊಸದು

ಇತ್ತೀಚೆಗೆ ಮದುವೆ ಮನೆಗೆ ಹೋದವರು ಈ ಮಾತನ್ನು ಕೇಳಿಯೇ ಇರುತ್ತೀರಿ. "ಅವಳು ಎಷ್ಟು ಸಣ್ಣಗಾಗಿದ್ದಾಳೆ ನೋಡಿದಿರಾ? ವಾರಕ್ಕೊಂದು ಇಂಜೆಕ್ಷನ್ ಅಂತೆ, ಅಷ್ಟೇ." ಪಕ್ಕದಲ್ಲಿದ್ದವರು ತಕ್ಷಣ ಹೆಸರು ಕೇಳುತ್ತಾರೆ. ಬಿರಿಯಾನಿಯ ತಟ್ಟೆ ಬರುವಷ್ಟರಲ್ಲಿ ಆ ಹೆಸರು ನಾಲ್ಕು ಜನರ ಮೊಬೈಲ್ ಸೇರಿರುತ್ತದೆ. ಅದು ದೇಹದೊಳಗೆ ಏನು ಮಾಡುತ್ತದೆ, ಯಾರಿಗಾಗಿ ತಯಾರಾದದ್ದು, ಎಷ್ಟು ಕಾಲ ತೆಗೆದುಕೊಳ್ಳಬೇಕು ಎಂದು ಯಾರೂ ಕೇಳುವುದಿಲ್ಲ.

ನನಗೆ ಪರಿಚಯವಿರುವ ಮನೆಯೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಗಳ ನಿಕಾಹ್‌ಗೆ ಇನ್ನು ಮೂರು ತಿಂಗಳಿತ್ತು. ಗಂಡಿನ ಕಡೆಯವರಲ್ಲಿ ಯಾರೋ ಒಬ್ಬರು "ಹುಡುಗಿ ಸ್ವಲ್ಪ ದಪ್ಪ" ಎಂದರಂತೆ. ತಾಯಿಗೆ ಸಕ್ಕರೆ ಕಾಯಿಲೆಗಾಗಿ ವೈದ್ಯರು ಬರೆದುಕೊಟ್ಟಿದ್ದ ಇಂಜೆಕ್ಷನ್ ಫ್ರಿಜ್‌ನಲ್ಲಿತ್ತು. ಅದನ್ನೇ ಮಗಳಿಗೆ ಚುಚ್ಚಿದರು. ಅದೂ ಮೊದಲ ದಿನವೇ ತಾಯಿಯ ಪ್ರಮಾಣದಲ್ಲಿ. ಹತ್ತು ದಿನ ಆ ಹುಡುಗಿಗೆ ನೀರು ಕೂಡ ಒಳಗೆ ನಿಲ್ಲಲಿಲ್ಲ, ಕೊನೆಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಬೇಕಾಯಿತು. ಇತ್ತ ತಾಯಿಯ ಸಕ್ಕರೆಯೂ ಏರಿತು. ತನ್ನ ಪಾಲಿನ ಮದ್ದನ್ನು ಅವರು ಮಗಳಿಗೆ ಕೊಟ್ಟುಬಿಟ್ಟಿದ್ದರಲ್ಲ!

ಈ ಔಷಧವನ್ನು ದೂರುವುದಕ್ಕೆ ನಾನಿದನ್ನು ಬರೆಯುತ್ತಿಲ್ಲ. ಬೇಕಾದವರ ಪಾಲಿಗೆ ಅದು ನಿಜಕ್ಕೂ ಉಪಕಾರಿ. ಆದರೆ ನಮ್ಮ ಮನೆಗಳಲ್ಲಿ ಅದನ್ನು ಸೌಂದರ್ಯ ಸಾಧನದಂತೆ ಕಾಣುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ತಪ್ಪು ಎಂದು ತಿಳಿಯಲು ದೇಹದ ಒಂದು ಹಳೆಯ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಬೇಕು. ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ರಕ್ತದಲ್ಲಿ ಹಾರ್ಮೋನ್‌ಗಳು ಸಂದೇಶ ಹೊತ್ತು ತಿರುಗುತ್ತವೆ. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಟು "ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ" ಎಂದು ಜೀವಕೋಶಗಳಿಗೆ ಹೇಳುತ್ತದೆ. ಹೊಟ್ಟೆ ಬರಿದಾದಾಗ ಅದೇ ಗ್ರಂಥಿಯಿಂದ ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನ್ ಹೊರಟು "ಉಗ್ರಾಣದಲ್ಲಿಟ್ಟ ಸಕ್ಕರೆಯನ್ನು ಹೊರಗೆ ಬಿಡು" ಎಂದು ಯಕೃತ್ತಿಗೆ ಹೇಳುತ್ತದೆ. ನೀವು ಉಪವಾಸವಿದ್ದು ಮಧ್ಯಾಹ್ನದವರೆಗೂ ಕೆಲಸ ಮಾಡಲು ಸಾಧ್ಯವಾಗುವುದು ಬಹುಮಟ್ಟಿಗೆ ಈ ಎರಡನೆಯ ಸಂದೇಶದಿಂದಲೇ.

ಆದರೆ ಸಂದೇಶ ಬಂದರೆ ಸಾಲದು, ಅದನ್ನು ಸ್ವೀಕರಿಸುವವರೂ ಬೇಕು. ಜೀವಕೋಶದ ಮೇಲ್ಮೈಯಲ್ಲಿರುವ ಆ ಸ್ವೀಕಾರದ ಜಾಗವನ್ನು ವಿಜ್ಞಾನದ ಪುಸ್ತಕಗಳು 'ಗ್ರಾಹಕ' ಎನ್ನುತ್ತವೆ. ಅಂಗಡಿಗೆ ಬರುವ ಗಿರಾಕಿ ಎಂದು ತಿಳಿಯಬೇಡಿ, ಗ್ರಹಿಸುವುದು ಎಂಬ ಅರ್ಥದಲ್ಲಿ ಗ್ರಾಹಕ. ನಾವಿಲ್ಲಿ ಅದನ್ನು ಬೀಗ ಎನ್ನೋಣ, ಹಾರ್ಮೋನನ್ನು ಕೀಲಿ ಎನ್ನೋಣ. ಕೀಲಿ ಸರಿಯಾಗಿ ಕುಳಿತರೆ ಮಾತ್ರ ಬಾಗಿಲು ತೆರೆಯುತ್ತದೆ.

ಈ ಬೀಗಗಳು ಮನುಷ್ಯನಲ್ಲಿ ಮಾತ್ರ ಇರುವಂಥವಲ್ಲ. ಬೆನ್ನುಮೂಳೆಯುಳ್ಳ ಎಲ್ಲ ಪ್ರಾಣಿಗಳಲ್ಲೂ, ನೀವು ಮಾರುಕಟ್ಟೆಯಿಂದ ತರುವ ಬಂಗುಡೆಯಲ್ಲಿಯೂ, ಇನ್ಸುಲಿನ್ ಇದೆ, ಅದರ ಬೀಗವೂ ಇದೆ. 1921-22ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿ ಹಾಗೂ ದನಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುವ ಪ್ರಯತ್ನದಲ್ಲಿದ್ದರು. ಅವರ ಪ್ರಯೋಗಾಲಯದ ಮುಖ್ಯಸ್ಥ ಮ್ಯಾಕ್ಲಿಯಡ್ 1922ರಲ್ಲಿ ಕಡಲತೀರಕ್ಕೆ ಹೋಗಿ ಆಂಗ್ಲರ್ ಮತ್ತು ಸ್ಕಲ್ಪಿನ್ ಎಂಬ ಮೀನುಗಳ ಮೇಲೆ ಪರೀಕ್ಷೆ ನಡೆಸಿದರು. ಈ ಮೀನುಗಳಲ್ಲಿ ಇನ್ಸುಲಿನ್ ತಯಾರಿಸುವ ಭಾಗವು ಜೀರ್ಣರಸ ತಯಾರಿಸುವ ಭಾಗದಿಂದ ಬೇರೆಯಾಗಿ, ಸಣ್ಣ ಉಂಡೆಯಂತೆ ಇರುತ್ತದೆ. ಆ ಉಂಡೆಯ ಸತ್ವವನ್ನು ಮೊಲಗಳಿಗೆ ಚುಚ್ಚಿದಾಗ ಅವುಗಳ ರಕ್ತದ ಸಕ್ಕರೆ ಇಳಿಯಿತು. ಮೀನಿನ ಕೀಲಿ ಮೊಲದ ಬೀಗವನ್ನು ತೆರೆದಿತ್ತು!

ಹಾಗಾದರೆ ಮೀನು ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಇಲ್ಲ. ತಿಂದ ಇನ್ಸುಲಿನ್ ಹೊಟ್ಟೆಯಲ್ಲಿ ಉಳಿದ ಪ್ರೋಟೀನಿನಂತೆಯೇ ಜೀರ್ಣವಾಗಿಬಿಡುತ್ತದೆ. ಅದನ್ನು ಚುಚ್ಚಿಯೇ ಕೊಡುವುದು ಈ ಕಾರಣಕ್ಕೆ.

ಮನುಷ್ಯನ ಇನ್ಸುಲಿನ್‌ನಲ್ಲಿ 51 ಅಮೈನೋ ಆಮ್ಲಗಳಿವೆ. ದನದ ಇನ್ಸುಲಿನ್ ಅದಕ್ಕಿಂತ ಮೂರು ಕಡೆ ಮಾತ್ರ ಬೇರೆ, ಹಂದಿಯದು ಒಂದೇ ಕಡೆ. ಹೀಗಾಗಿಯೇ ಬಹಳ ವರ್ಷ ಈ ಎರಡು ಪ್ರಾಣಿಗಳ ಇನ್ಸುಲಿನ್ ಲೋಕವನ್ನೆಲ್ಲ ಕಾಪಾಡಿತು. ನಮ್ಮ ಹಿರಿಯರಲ್ಲಿ ಅನೇಕರು "ಇದು ಯಾವ ಪ್ರಾಣಿಯದು?" ಎಂದು ಅಳುಕಿನಿಂದ ಕೇಳುತ್ತಿದ್ದುದು ಅಕಾರಣವಲ್ಲ. ಆ ಅಳುಕು ಈಗ ಬೇಕಿಲ್ಲ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾನವ ಇನ್ಸುಲಿನ್ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದು. ಇಂದು ನಿಮ್ಮ ಮನೆಯ ಫ್ರಿಜ್‌ನಲ್ಲಿರುವ ಇನ್ಸುಲಿನ್ ಹೆಚ್ಚುಕಡಿಮೆ ಖಂಡಿತವಾಗಿ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಲ್ಲಿ ತಯಾರಾದದ್ದೇ. ಈಗಲೂ ಯಾರಾದರೂ ಈ ಸಂಶಯದಿಂದ ಇನ್ಸುಲಿನ್ ಬೇಡವೆನ್ನುತ್ತಿದ್ದರೆ ದಯವಿಟ್ಟು ಅವರಿಗೆ ಇದನ್ನು ತಿಳಿಸಿ.

ಇಷ್ಟು ಬೇರೆ ಬೇರೆ ಪ್ರಾಣಿಗಳಲ್ಲಿ ಒಂದೇ ಬಗೆಯ ಬೀಗ ಹೇಗೆ ಬಂತು? ವಿಜ್ಞಾನಿಗಳು ಇದನ್ನು ಜೀವವಿಕಾಸದ ಭಾಷೆಯಲ್ಲಿ ವಿವರಿಸುತ್ತಾರೆ. ವಿಕಾಸ ಎಂಬ ಪದ ಕೇಳಿದೊಡನೆ ನಮ್ಮ ಮನೆಗಳಲ್ಲಿ ಮಾತು ಬೇರೆ ದಿಕ್ಕಿಗೆ ತಿರುಗುತ್ತದೆಂದು ಬಲ್ಲೆ. ಆ ಚರ್ಚೆಗೆ ಬೇರೆ ಪುಟಗಳಿವೆ. ಇಲ್ಲಿ ನಮಗೆ ಬೇಕಾಗಿರುವುದು ಮೀನು, ಹಲ್ಲಿ, ಹಂದಿ, ಮನುಷ್ಯ ಇವರೆಲ್ಲರ ಬೀಗಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದಾಗ ಸಿಕ್ಕಿದ ಜ್ಞಾನ. ಆ ಹೋಲಿಕೆ ಇಲ್ಲದಿದ್ದರೆ ಇಂದಿನ ಈ ಔಷಧವೇ ಇರುತ್ತಿರಲಿಲ್ಲ.

ಆ ಹೋಲಿಕೆ ಹೇಳುವುದಿಷ್ಟು. ಕಶೇರುಕಗಳ ಆರಂಭದ ಕಾಲದಲ್ಲಿ, ಸುಮಾರು 50 ಕೋಟಿ ವರ್ಷಗಳ ಹಿಂದೆ, ಅವುಗಳ ವಂಶವಾಹಿಗಳ ಇಡೀ ಗಂಟೇ ಇಮ್ಮಡಿಯಾಯಿತು. ಒಮ್ಮೆಯಲ್ಲ, ಎರಡು ಬಾರಿ. ಸುಸುಮು ಓಹ್ನೊ ಎಂಬ ವಿಜ್ಞಾನಿ 1970ರಲ್ಲಿ ತಮ್ಮ ಪುಸ್ತಕದಲ್ಲಿ ಈ ಇಮ್ಮಡಿಯ ಮಹತ್ವವನ್ನು ಮುಂದಿಟ್ಟರು. ಮನೆಯ ಕೀಲಿಗೆ ನಕಲು ಮಾಡಿಸಿಟ್ಟರೆ ಏನಾಗುತ್ತದೆ? ಮೂಲ ಕೀಲಿ ತನ್ನ ಕೆಲಸ ಮಾಡುತ್ತಿರುತ್ತದೆ, ನಕಲನ್ನು ಸ್ವಲ್ಪ ಉಜ್ಜಿ ಬೇರೆ ಬಾಗಿಲಿಗೆ ಹೊಂದಿಸಬಹುದು. ಬೀಗಗಳಲ್ಲೂ ಹಾಗೆಯೇ ಆಯಿತು. ಗ್ಲುಕಗಾನ್‌ನ ಬೀಗ ಮತ್ತು ಜಿಎಲ್‌ಪಿ-1 ಎಂಬ ಹಾರ್ಮೋನಿನ ಬೀಗ ಒಂದೇ ಕುಟುಂಬಕ್ಕೆ ಸೇರಿದವು. ಕೀಲಿಗಳಂತೂ ಒಡಹುಟ್ಟಿದವು: ನಮ್ಮ ದೇಹದಲ್ಲಿ ಗ್ಲುಕಗಾನ್ ಮತ್ತು ಜಿಎಲ್‌ಪಿ-1 ಎರಡೂ ಒಂದೇ ವಂಶವಾಹಿಯಿಂದ ತಯಾರಾಗುತ್ತವೆ.

ಈ ಗುಟ್ಟು ಹೊರಬಿದ್ದದ್ದೂ ಮೀನಿನಿಂದಲೇ. 1982ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಯೆಲ್ ಹ್ಯಾಬೆನರ್ ಅವರ ತಂಡ ಗ್ಲುಕಗಾನ್‌ನ ವಂಶವಾಹಿ ಸಂದೇಶವನ್ನು ಓದಿದ್ದು ಆಂಗ್ಲರ್ ಮೀನಿನಲ್ಲಿ. ಮ್ಯಾಕ್ಲಿಯಡ್ 60 ವರ್ಷಗಳ ಹಿಂದೆ ಹಿಡಿದದ್ದೂ ಇದೇ ಬಗೆಯ ಮೀನನ್ನು. ಅಲ್ಲಿ ಗ್ಲುಕಗಾನ್‌ನ ಜೊತೆಗೆ, ಅದನ್ನೇ ಹೋಲುವ ಇನ್ನೊಂದು ತುಣುಕು ಕಾಣಿಸಿತು. ಮುಂದೆ ಮನುಷ್ಯನಲ್ಲಿಯೂ ಅಂಥ ತುಣುಕು ಸಿಕ್ಕಿತು. ಅದರ ಕೆಲಸವನ್ನು ಪತ್ತೆ ಹಚ್ಚಿದವರಲ್ಲಿ ಸ್ವೆಟ್ಲಾನಾ ಮೊಯ್ಸೊವ್ ಎಂಬ ಮಹಿಳಾ ವಿಜ್ಞಾನಿ ಪ್ರಮುಖರು. ಅವರಿಗೂ ಹ್ಯಾಬೆನರ್ ಅವರಿಗೂ, ಅದನ್ನು ಔಷಧವಾಗಿಸಿದ ಲೊಟ್ಟೆ ನುಡ್ಸೆನ್ ಅವರಿಗೂ 2024ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಜಿಎಲ್‌ಪಿ-1 ಮೀನಿನಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಆದರೆ ಮೂಳೆಮೀನುಗಳಲ್ಲಿ ಅದು ಗ್ಲುಕಗಾನ್‌ನಂತೆ ಯಕೃತ್ತಿನಿಂದ ಸಕ್ಕರೆಯನ್ನು ಹೊರಗೆ ಬಿಡಿಸುತ್ತದೆ. ಆ ಮೀನುಗಳಲ್ಲಿ ನಮ್ಮಲ್ಲಿರುವ ಬಗೆಯ ಜಿಎಲ್‌ಪಿ-1 ಬೀಗ ಇಲ್ಲವಾಗಿದೆ, ಗ್ಲುಕಗಾನ್ ಬೀಗದ ಒಂದು ನಕಲೇ ಅದರ ಕೆಲಸ ಮಾಡುತ್ತದೆ. ನಮ್ಮಲ್ಲಿ ಆಗುವುದು ತದ್ವಿರುದ್ಧ. ಊಟ ಕರುಳಿಗೆ ಇಳಿದಾಗ ಜಿಎಲ್‌ಪಿ-1 ಹೊರಟು ಇನ್ಸುಲಿನ್ ಹೆಚ್ಚಿಸುತ್ತದೆ, ಗ್ಲುಕಗಾನ್ ತಗ್ಗಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಮಿದುಳಿಗೆ "ಸಾಕು" ಎನ್ನುತ್ತದೆ. ಹೆಚ್ಚುಕಡಿಮೆ ಅದೇ ಕೀಲಿ, ಆದರೆ ಒಂದು ಕಡೆ ಸಕ್ಕರೆ ಏರಿತು, ಇನ್ನೊಂದು ಕಡೆ ಇಳಿಯಿತು. ಅಂದರೆ ಕೀಲಿಗೆ ತನ್ನದೇ ಆದ ಅರ್ಥವಿಲ್ಲ. ಬೀಗ ಯಾವುದು, ಅದನ್ನು ಯಾವ ಕೋಣೆಗೆ ಹಾಕಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಮ್ಮ ದೇಹದಲ್ಲಿ ಈ ಬೀಗ ಒಂದೇ ಕೋಣೆಯಲ್ಲಿಲ್ಲ. ಮೇದೋಜೀರಕ ಗ್ರಂಥಿಯಲ್ಲಿದೆ, ಹೃದಯದಲ್ಲಿದೆ, ಹಸಿವನ್ನು ನೋಡಿಕೊಳ್ಳುವ ಮಿದುಳಿನ ಭಾಗದಲ್ಲಿದೆ, ವಾಕರಿಕೆ ಹುಟ್ಟಿಸುವ ಮಿದುಳಿನ ಭಾಗದಲ್ಲಿಯೂ ಇದೆ. ನೀವು ಸೊಂಟದ ಕೊಬ್ಬಿಗೆಂದು ಚುಚ್ಚಿಸಿಕೊಂಡ ಮದ್ದು ಸೊಂಟಕ್ಕೆ ಹೋಗುವುದಿಲ್ಲ. ಅದು ಮನೆಯ ಎಲ್ಲ ಕೋಣೆಗಳ ಬಾಗಿಲು ತಟ್ಟುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಅನೇಕರಿಗೆ ಬರುವುದು ಇದರಿಂದ. ಪಿತ್ತಕೋಶದ ಕಲ್ಲು ಮತ್ತು ಮೇದೋಜೀರಕ ಗ್ರಂಥಿಯ ಉರಿಯೂತ ಕೆಲವರಿಗೆ ಬರುತ್ತದೆ.

ದೇಹ ತಾನೇ ತಯಾರಿಸಿದ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ, ಒಂದು ಕಿಣ್ವ ಅದನ್ನು ಕತ್ತರಿಸಿಬಿಡುತ್ತದೆ. ಇದನ್ನು ಔಷಧ ಮಾಡುವುದು ಹೇಗೆಂದು ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾಗ ಉತ್ತರ ಬಂದದ್ದು ಹಲ್ಲಿಯ ಜಾತಿಯಿಂದ. ಅಮೆರಿಕ ಮತ್ತು ಮೆಕ್ಸಿಕೊದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. 1992ರಲ್ಲಿ ನ್ಯೂಯಾರ್ಕ್‌ನ ವೈದ್ಯ ಜಾನ್ ಎಂಗ್ ಅದರ ವಿಷದಲ್ಲಿ ಜಿಎಲ್‌ಪಿ-1ನ್ನು ಅರ್ಧದಷ್ಟು ಹೋಲುವ ಒಂದು ವಸ್ತುವನ್ನು ಗುರುತಿಸಿದರು. ಅದು ಮನುಷ್ಯನ ಬೀಗವನ್ನೂ ತೆರೆಯುತ್ತಿತ್ತು, ಆ ಕಿಣ್ವದ ಕತ್ತರಿಗೂ ಸುಲಭವಾಗಿ ಸಿಗುತ್ತಿರಲಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ 2005ರಲ್ಲಿ ಎಕ್ಸೆನಟೈಡ್ ಎಂಬ ಹೆಸರಿನಲ್ಲಿ ಔಷಧವಾಗಿ ತಂದರು. ಇಂದು ಹೆಸರುವಾಸಿಯಾಗಿರುವ ಸೆಮಾಗ್ಲುಟೈಡ್ ಮನುಷ್ಯನ ಜಿಎಲ್‌ಪಿ-1ನ್ನೇ ತಿದ್ದಿ, ಯೀಸ್ಟ್‌ನ ಸಹಾಯದಿಂದ ಮಾಡಿದ್ದು. ಟಿರ್ಝೆಪಟೈಡ್ ಎಂಬುದು ಇದರ ಜೊತೆಗೆ ಜಿಐಪಿ ಎಂಬ ನೆಂಟ ಹಾರ್ಮೋನಿನ ಬೀಗವನ್ನೂ ತೆರೆಯುತ್ತದೆ. ಒಂದೇ ಕುಟುಂಬದ ಎರಡು ಬೀಗಗಳಿಗೆ ಒಂದು ಕೀಲಿ.

ಎರಡು ನಿಮಿಷ ಬಾಳುವ ಸಂದೇಶಕ್ಕೆ ದೇಹ ಹೊಂದಿಕೊಂಡಿತ್ತು. ಸೆಮಾಗ್ಲುಟೈಡ್ ಅರ್ಧದಷ್ಟು ಕರಗಲು ಒಂದು ವಾರ ಬೇಕು, ಪೂರ್ತಿ ಹೋಗಲು ಸುಮಾರು ಐದು ವಾರ. ಮಾತ್ರೆ ಹೊಂದದಿದ್ದರೆ ನಾಳೆಯಿಂದ ನಿಲ್ಲಿಸಿಬಿಡಬಹುದು, ಆದರೆ ಇದನ್ನು ಒಮ್ಮೆ ಚುಚ್ಚಿಸಿಕೊಂಡರೆ ವಾಪಸ್ ತೆಗೆಯಲಾಗದು. ವೈದ್ಯರು ಕಡಿಮೆ ಪ್ರಮಾಣದಿಂದ ಶುರು ಮಾಡಿ ವಾರಗಟ್ಟಲೆ ಕಾದು ಮೆಲ್ಲಗೆ ಏರಿಸುವುದು ಇದಕ್ಕಾಗಿ. ಆ ಹುಡುಗಿಗೆ ತಪ್ಪಿದ್ದು ಇದೇ.

ಈಗ ಎರಡು ಬಗೆಯ ಜನರಿಗೆ ಉತ್ತರ ಹೇಳಬೇಕು. "ಬಾಯಿ ಕಟ್ಟಿದರೆ ಸಾಕು, ಇಂಜೆಕ್ಷನ್ ಯಾಕೆ?" ಎನ್ನುವವರು ಒಂದು ಬಗೆ. ಇವರ ಮಾತಿನಲ್ಲಿ ದಪ್ಪಗಿರುವವರ ಬಗ್ಗೆ ತಿರಸ್ಕಾರವಿದೆ. ಹಸಿವು ಮನಸ್ಸಿನ ದೌರ್ಬಲ್ಯವಲ್ಲ. ಆಹಾರ ಸಿಗುವುದೇ ಕಷ್ಟವಾಗಿದ್ದ ಕಾಲಕ್ಕೆ ಹೊಂದಿಕೊಂಡ ಬೀಗಗಳು ನಮ್ಮೊಳಗಿವೆ. ತೂಕ ಇಳಿದಾಗ ದೇಹ ಅದನ್ನು ಕ್ಷಾಮವೆಂದು ತಿಳಿದು ಹಸಿವು ಹೆಚ್ಚಿಸುತ್ತದೆ, ಖರ್ಚು ತಗ್ಗಿಸುತ್ತದೆ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನ್ 1994ರಲ್ಲಿ ಗೊತ್ತಾದ ಮೇಲೆ ಇದು ಇನ್ನಷ್ಟು ಸ್ಪಷ್ಟವಾಯಿತು. ಆದ್ದರಿಂದ ಊಟಕ್ಕೆ ಕುಳಿತ ಮಗಳನ್ನು ಎಲ್ಲರೆದುರು "ಇನ್ನೂ ಬೇಕಾ?" ಎಂದು ಕೇಳುವವರು ಬುದ್ಧಿ ಹೇಳುತ್ತಿಲ್ಲ, ಹೃದಯ ಚುಚ್ಚುತ್ತಿದ್ದಾರೆ.

"ದುಡ್ಡಿದ್ದವರು ತಗೊಳ್ಳಲಿ ಬಿಡಿ" ಎನ್ನುವವರು ಇನ್ನೊಂದು ಬಗೆ. ಇವರು ತಿಳಿಯಬೇಕಾದದ್ದು: 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಪಾಲು ಮರಳಿ ಬಂತು. ಹಳೆಯ ಬೀಗಗಳು ಎಲ್ಲಿಗೂ ಹೋಗಿರಲಿಲ್ಲ. ಮೂರು ತಿಂಗಳು ಚುಚ್ಚಿಸಿ ಮದುವೆಯ ಫೋಟೋ ತೆಗೆಸಿಕೊಂಡರೆ, ಆಮೇಲೆ ಏನು? ಇಳಿಯುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಇಳಿಯುತ್ತದೆ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು, ಗರ್ಭ ಧರಿಸಲು ಬಯಸುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಹೊಸ ಮದುಮಗಳಿಗೆ ಇದು ಚಿಕ್ಕ ವಿಷಯವೇ? ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದವರು, ಕುಟುಂಬದಲ್ಲಿ ಯಾರಿಗಾದರೂ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ವೈದ್ಯರಿಗೆ ಅದನ್ನು ಮುಚ್ಚಿಡಲೇಬಾರದು.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ, 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸಕ್ಕರೆ ಹತೋಟಿಗೆ ಬಾರದವರಿಗೆ, ಅತಿ ತೂಕದಿಂದ ಹೃದಯ, ಮೂತ್ರಪಿಂಡ, ಮಂಡಿ ಸೋಲುತ್ತಿರುವವರಿಗೆ ಈ ಔಷಧ ಬಾಳನ್ನೇ ಬದಲಿಸಬಲ್ಲದು. ಅಂಥವರಿಗೆ ವೈದ್ಯರು ಬರೆದರೆ ಸಂಕೋಚ ಬೇಡ, ಕದ್ದುಮುಚ್ಚಿ ತೆಗೆದುಕೊಳ್ಳುವುದೂ ಬೇಡ.

ರಮಝಾನಿನ ವಿಷಯವನ್ನೂ ಹೇಳಬೇಕು. ಈ ಔಷಧ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಕುಸಿಯುವ ಅಪಾಯ ಕಡಿಮೆ, ಏಕೆಂದರೆ ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ ಇದು ಇನ್ಸುಲಿನ್ ಹೊರಡಿಸುತ್ತದೆ. ಆದರೆ ಇದರ ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಅಪಾಯ ನಿಜ. ವಾಂತಿ ಇರುವವರಿಗೆ ಉಪವಾಸದಲ್ಲಿ ದೇಹದ ನೀರು ಬತ್ತುವ ಭಯವೂ ಇದೆ. ಆದ್ದರಿಂದ ರಮಝಾನ್ ಬರುವ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಹೊಸದಾಗಿ ಶುರು ಮಾಡುವುದು, ಪ್ರಮಾಣ ಏರಿಸುವುದು ಉಪವಾಸದ ತಿಂಗಳಿನಲ್ಲಿ ಬೇಡ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುತ್ತದೆಂದು ಕೆಲವು ಹಿರಿಯರು ಪರೀಕ್ಷೆಯನ್ನೇ ಮಾಡಿಸುವುದಿಲ್ಲ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಪರೀಕ್ಷೆಗಾಗಿ ರಕ್ತ ತೆಗೆಯುವುದಾಗಲಿ, ಪೋಷಣೆ ನೀಡದ ಚುಚ್ಚುಮದ್ದಾಗಲಿ ಉಪವಾಸವನ್ನು ಮುರಿಯುವುದಿಲ್ಲ ಎಂದು ನಿರ್ಣಯಿಸಿದೆ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ರೋಗಿಗೆ ಅಲ್ಲಾಹನು ರಿಯಾಯಿತಿ ನೀಡಿರುವಾಗ ಹಟ ಹಿಡಿಯುವುದು ಧರ್ಮನಿಷ್ಠೆಯಲ್ಲ.

ಔಷಧ ಬೇಕಿಲ್ಲದವರು ತಮ್ಮ ದೇಹದಲ್ಲೇ ಇರುವ ಕೀಲಿಯನ್ನು ಬಳಸಿಕೊಳ್ಳಬಹುದು. ಮೊಟ್ಟೆ, ಮೀನು, ಬೇಳೆಕಾಳು, ನಾರುಳ್ಳ ತರಕಾರಿಯನ್ನು ಮೊದಲು ತಿಂದು ಅನ್ನವನ್ನು ಆಮೇಲೆ ಬಡಿಸಿಕೊಂಡರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಇಫ್ತಾರಿನಲ್ಲಿ ಸಮೋಸ, ಶರಬತ್ತಿನ ರಾಶಿಯ ಬದಲು ಖರ್ಜೂರ, ನೀರು, ಹಣ್ಣು ಸಾಕು. ಊಟದ ನಂತರ ಹದಿನೈದು ನಿಮಿಷ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್‌ನ ಕೀಲಿಗಾಗಿ ಕಾಯದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇದು ಇಂಜೆಕ್ಷನ್‌ನಷ್ಟು ಬೇಗ ತೂಕ ಇಳಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಇದು ಬೇಕೇ ಬೇಕು.

ಮುಂದಿನ ಸಲ ಮದುವೆ ಮನೆಯಲ್ಲಿ ಯಾರಾದರೂ ಆ ಔಷಧದ ಹೆಸರು ಹೇಳಿದರೆ ಅವರಿಗೆ ಮೂರು ಪ್ರಶ್ನೆ ಕೇಳಿ: ಯಾವ ಕಾಯಿಲೆಗೆ ಬರೆದರು? ಬರೆದ ವೈದ್ಯರು ಯಾರು? ನಿಲ್ಲಿಸಿದ ಮೇಲೆ ಏನು ಮಾಡಬೇಕೆಂದು ಹೇಳಿದ್ದಾರೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ಹೆಸರನ್ನು ಮೊಬೈಲ್‌ನಲ್ಲಿ ಬರೆದುಕೊಳ್ಳಬೇಡಿ. ಅಂದಹಾಗೆ, ನಾನು ಹೇಳಿದ ಆ ಹುಡುಗಿಯ ನಿಕಾಹ್ ನಿಗದಿಯಾದ ದಿನವೇ ನಡೆಯಿತು. ಅವಳನ್ನು ದಪ್ಪ ಎಂದವರೂ ಬಂದು ಹೊಟ್ಟೆ ತುಂಬ ಉಂಡು ಹೋದರು.